ಚಂದ್ರಿಗೆ ಹೇಳಿದ ಮಾತು

ಘಾಟಬೋರಾಳದ ಧೂಳಮ್ಮ ಗಂಡನ ಜೊತೆ ಮಾತಾಡುತ್ತಿರಲಿಲ್ಲ, ಎಮ್ಮೆಯ ಜೊತೆ ಮಾತಾಡುತ್ತಿದ್ದಳು. ಜಗಳವೇನೂ ಇರಲಿಲ್ಲ ಮಾರಾಯರೇ! ಅವಳು ಸೊಸೆಯಾಗಿ ಬಂದ ಕಾಲಕ್ಕೆ ಅತ್ತೆಯ ಎದುರು ಗಂಡಹೆಂಡತಿ ನೇರ ಮಾತಾಡಿದರೆ ಮರ್ಯಾದೆಗೆಟ್ಟವರು ಅನ್ನಿಸಿಕೊಳ್ಳುತ್ತಿದ್ದರು. ಅದಕ್ಕೇ ಗಂಡ ದೇವಿಂದ್ರಪ್ಪನಿಗೆ ಮುಟ್ಟಬೇಕಾದದ್ದನ್ನೆಲ್ಲ ಅವಳು ಅಂಗಳದ ಎಮ್ಮೆ ಚಂದ್ರಿಗೆ ಹೇಳುತ್ತಿದ್ದಳು.

"ಚಂದ್ರೀ, ರೊಟ್ಟಿ ಆರಾಕತ್ತಾವ, ಉಣ್ಣೋರಿಗೆ ಪುರಸತ್ತ ಇಲ್ಲ ನೋಡು."

ದೇವಿಂದ್ರಪ್ಪನೂ ಉಂಡೆದ್ದು ಎಮ್ಮೆಯ ಬೆನ್ನು ಸವರುತ್ತ, "ಚಂದ್ರೀ, ಪಲ್ಯಾಕ ಉಪ್ಪು ಜಾಸ್ತಿ ಆಗ್ಯಾದ," ಅನ್ನುತ್ತಿದ್ದ. ಅತ್ತೆ ತೀರಿಕೊಂಡಳು. ರೂಢಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತನ್ನ ಮುಖ ನೋಡಿ ಗಂಡ ಒಂದು ಮಾತಾಡಲಿ ಎಂಬ ಆಸೆ ಧೂಳಮ್ಮನ ಹೊಟ್ಟೆಯೊಳಗೇ ಉಳಿಯಿತು.

ಅರವತ್ತೇಳನೇ ಇಸವಿಯ ರಜೆಯಲ್ಲಿ, ಧಾರವಾಡದಲ್ಲಿ ಭಾಷಾಶಾಸ್ತ್ರ ಓದುತ್ತಿದ್ದ ಅವಳ ತಮ್ಮನ ಮಗ ಸೂರ್ಯಕಾಂತ ಬಂದ. ಅದೇನು ಓದು ಎಂದು ಧೂಳಮ್ಮ ಕೇಳಿದಳು.

"ಅತ್ತಿ, ಭಾಷಾ ಅಂದ್ರ ಮನುಷ್ಯರು ಒಬ್ಬರ ಮನಸಿನಾಗಿಂದು ಇನ್ನೊಬ್ಬರಿಗೆ ಮುಟ್ಟಸಲಾಕ ಮಾಡಿಕೊಂಡ ಧ್ವನಿಗಳ ವ್ಯವಸ್ಥಾ. ಹೇಳವ್ರು ಬೇಕು, ಕೇಳವ್ರು ಬೇಕು, ಇಬ್ಬರಿಗೂ ಅರ್ಥ ಒಂದೇ ಇರಬೇಕು."

"ನಡುವ ಎಮ್ಮಿ?"

"ಎಮ್ಮಿ ಲೆಕ್ಕಕ್ಕಿಲ್ಲ, ಅತ್ತಿ."

ಧೂಳಮ್ಮನ ತಲೆಯಲ್ಲಿ ಆ ಮಾತು ನಾಟಿತು. ಲೆಕ್ಕಕ್ಕಿಲ್ಲದ್ದು ನಡುವೆ ಯಾಕೆ ನಿಂತಿರಬೇಕು? ಮರುದಿನವೇ ಅಂಗಳಕ್ಕೆ ಹೋಗಿ, "ಚಂದ್ರೀ, ಮುದುಕಿ ಆದಿ, ಹಾಲೂ ಬತ್ತ್ಯಾದ. ನಿನ್ನ ಚಿಟಗುಪ್ಪಾ ಸಂತ್ಯಾಗ ಮಾರಬೇಕಂತ ಹೇಳು," ಎಂದಳು. ತನ್ನ ಮಾರಾಟದ ಸುದ್ದಿಯನ್ನು ತಾನೇ ಮುಟ್ಟಿಸಿದ ಎಮ್ಮೆ ಅದೊಂದೇ ಇರಬೇಕು!

ದೇವಿಂದ್ರಪ್ಪ ಮಾರಿ ಬಂದ. ಮನೆ ಬಿಕೋ ಎಂದಿತು. ಅವನು ಬರಿಗೂಟ ನೋಡುತ್ತ ಕೂತ, ಅವಳು ಒಲೆ ನೋಡುತ್ತ ಕೂತಳು. ಇದ್ದ ಮಾತೂ ಹೋಯಿತಲ್ಲ ಎಂದು ಧೂಳಮ್ಮನಿಗೆ ಅಳುವೇ ಬಂತು. ತಾನಾಗಿ ಕರೆಯಲು ನಾಚಿಕೆ. ಎರಡು ದಿನ ಅವನು ತಣ್ಣಗಾದ ರೊಟ್ಟಿಯನ್ನೇ ಉಂಡ.

ಮೂರನೆಯ ಸಂಜೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು.

"ಧೂಳಮ್ಮಾ, ಹಸಿವಾಗ್ಯಾದ."

ಗಂಡನ ಬಾಯಲ್ಲಿ ಆ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ರೂಢಿಯಂತೆ ಗೂಟದತ್ತ ತಿರುಗಿದವಳು ತಡೆದು, ಮುಖವೆತ್ತಿ, "ಬರ್ರಿ, ಬಡಸ್ತೀನಿ," ಎಂದಳು. ದೇವಿಂದ್ರಪ್ಪ ಒಂದು ತುತ್ತು ತಿಂದು ಅವಳನ್ನೇ ನೋಡಿದ.

"ಪಲ್ಯಾಕ ಉಪ್ಪು ಜಾಸ್ತಿ ಆಗ್ಯಾದ."

"ಯಾರಿಗಿ ಹೇಳಾಕತ್ತೀರಿ?"

"ನಿನಗಽ."

ಧೂಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಮ್ಮಿ ಹೇಳ್ರಿ," ಎಂದಳು.