ಅಕ್ಕನ ತಾಟಿನ ಬೆಕ್ಕು

ಖಾನಾಪುರದಲ್ಲಿ ನಮ್ಮ ಅಕ್ಕನದೊಂದು ಹಿಟ್ಟಿನ ಗಿರಣಿ ಇದೆ. ಭಾವ ತೀರಿಕೊಂಡ ಮೇಲೆ ಆಕೆಯೇ ಅದನ್ನು ನಡೆಸುತ್ತ ಬಂದಿದ್ದಾಳೆ. ಬೆಳಿಗ್ಗೆ ತಿರುಗಲು ಶುರುವಾದ ಯಂತ್ರದ ಪಟ್ಟಾ ನಿಲ್ಲುವುದು ಮಧ್ಯಾಹ್ನ ಮೂರಕ್ಕೆ. ಆಗ ತಲೆಯ ಮೇಲಿನ ಹಿಟ್ಟು ಝಾಡಿಸಿಕೊಂಡು, ಕೈಕಾಲು ತೊಳೆದು, ಗಿರಣಿಯ ಹಿಂದಿನ ಕೋಣೆಯಲ್ಲಿ ಉಣ್ಣಲು ಕೂಡುತ್ತಾಳೆ. ಆಕೆಯ ಎಡಕ್ಕೆ ಬೆಕ್ಕು ಕೂಡುತ್ತಿತ್ತು. ಈಗ ಕೂಡುವುದಿಲ್ಲ. ಅದಕ್ಕೆ ಕಾರಣ ನಾನು.

ಬೂದು ಬಣ್ಣದ ಗಂಡು ಬೆಕ್ಕು ಅದು. ಸದಾ ಹಿಟ್ಟಿನಲ್ಲಿ ಹೊರಳಿ ಅರ್ಧ ಬೆಳ್ಳಗಾಗಿರುತ್ತಿತ್ತು. ಗಿರಣಿಯ ಬೆಕ್ಕಾದರೂ ಅದು ಇಲಿ ಹಿಡಿದದ್ದನ್ನು ಕಂಡವರಿಲ್ಲ. ಕಾಳಿನ ಚೀಲ ಹೊತ್ತು ಬಂದವರು ಅದು ಮಲಗಿದ್ದನ್ನು ನೋಡಿ, "ಏನ್ರೀ ಅಕ್ಕಾರ, ನಿಮ್ಮ ಮ್ಯಾನೇಜರ್ ಇನ್ನೂ ಎದ್ದಿಲ್ಲೇನ್ರಿ?" ಎನ್ನುತ್ತಿದ್ದರು.

"ಪಗಾರ ಹೆಚ್ಚ ಮಾಡು ಅಂತ ಮುನಿಸ್ಕೊಂಡಾನ್ರಿ," ಎಂದು ಅಕ್ಕ ಕಾಳು ಸುರಿಯುತ್ತಲೇ ಹೇಳುತ್ತಿದ್ದಳು.

ಅದರ ಊಟ ಒಂದೇ ತರಹದ್ದು. ಜೋಳದ ರೊಟ್ಟಿಯನ್ನು ಬೆಚ್ಚಗಿನ ಹಾಲಿನಲ್ಲಿ ಹಿಸುಕಿ, ಆಕೆಯ ತಾಟಿನ ಅಂಚಿಗೇ ಹಾಕಬೇಕು. ಬೇರೆ ಬಟ್ಟಲಲ್ಲಿ ಹಾಕಿದರೆ ಒಮ್ಮೆ ಬಟ್ಟಲು ನೋಡುವುದು, ಒಮ್ಮೆ ಆಕೆಯ ಮುಖ ನೋಡುವುದು, ಅಷ್ಟೆ.

ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಗಬೇಕಾಯಿತು. ಆಪರೇಷನ್ನು ಹುಬ್ಬಳ್ಳಿಯಲ್ಲಿ, ಆಮೇಲೆ ಎರಡು ತಿಂಗಳು ಅಲ್ಲೇ ಮಗಳ ಮನೆಯಲ್ಲಿ ವಿಶ್ರಾಂತಿ ಎಂದು ಠರಾವಾಯಿತು. ಮಗಳದು ಬಾಡಿಗೆ ಮನೆ, ಪ್ರಾಣಿಗಳಿಗೆ ಪ್ರವೇಶವಿಲ್ಲ. ಗಿರಣಿಗೆ ಬೀಗ ಹಾಕಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಗೆ ಬಂದಳು.

"ತಮ್ಮಾ, ಇದಕ್ಕ ಬ್ಯಾರೆ ಬಟ್ಲಾ ಇಡಬ್ಯಾಡ. ನಿಮ್ಮ ತಾಟಿನ ಅಂಚಿಗೇ ಹಾಕ್ರಿ. ನೀವು ಎರಡು ತುತ್ತು ಉಂಡ ಮ್ಯಾಲ ಅದು ಒಂದು ತುತ್ತು ಉಣ್ತದ."

"ಅಕ್ಕಾ, ಇದೇನು ಬೆಕ್ಕೋ ಬೀಗರೋ?"

"ಬೀಗರಿಗಿ ನಾ ಇಷ್ಟು ಕಾಳಜಿ ಯಾವಾಗ ಮಾಡೀನೋ?" ಎಂದು ನಕ್ಕಳು. ಹೋಗುವಾಗ ಬೆಕ್ಕಿನ ಕಿವಿಯ ಹತ್ತಿರ ಏನೋ ಹೇಳಿ ಹೋದಳು.

ಮೊದಲ ವಾರ ಎಲ್ಲ ನೆಟ್ಟಗೇ ನಡೆಯಿತು. ನನ್ನ ಹೆಂಡತಿ ಗೊಣಗುತ್ತಲೇ ತನ್ನ ತಾಟಿನ ಅಂಚು ಬಿಟ್ಟುಕೊಟ್ಟಿದ್ದಳು. ಬೆಕ್ಕಿನ ಬೆನ್ನ ಮೇಲೆ ಅಂಗೈಯಗಲ ಕೂದಲು ಉದುರಿದ್ದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ದನದ ಡಾಕ್ಟರರಿಗೆ ತೋರಿಸಿದೆ. "ಬರೇ ರೊಟ್ಟಿ-ಹಾಲು ಸಾಲೂದಿಲ್ರಿ, ಇದಕ್ಕ ಮಾಂಸ ಬೇಕು. ಸಾವಕಾಶ ರೂಢಿ ಮಾಡ್ರಿ," ಎಂದರು. ಮಾಂಸ ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಸಾವಕಾಶ ಎಂಬುದು ಹೋಗಲಿಲ್ಲ.

ಆಮೇಲೆ ಮೊಬೈಲಿನ ವಿಡಿಯೋಗಳು. ಹಸಿ ಮಾಂಸ ತಿಂದು ಮಿರಮಿರ ಮಿಂಚುವ ಬೆಕ್ಕುಗಳನ್ನು ನೋಡುತ್ತ ನೋಡುತ್ತ ನನಗೊಂದು ಹುಕಿ ಬಂತು. ಅಕ್ಕ ಬರುವಷ್ಟರಲ್ಲಿ ಇದನ್ನು ಹುಲಿ ಮಾಡಿ ಕೊಡಬೇಕು, ಗಿರಣಿಗೆ ಬರುವವರ ಬಾಯಿ ಮುಚ್ಚಿಸಬೇಕು. ಪ್ರೀತಿಯೂ ಇತ್ತು ಅನ್ನಿ. ಆದರೆ ಶಾಬಾಸ್ ಅನ್ನಿಸಿಕೊಳ್ಳುವ ಆಸೆ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

ನಮ್ಮದು ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ಎರಡು ಮಗ್ಗ, ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಮಾಂಸ ಎಂಬುದು ಆ ಹೊಸ್ತಿಲು ದಾಟಿದ್ದಿಲ್ಲ. ಹೆಂಡತಿಗೆ ಹೇಳಿದಾಗ ಆಕೆ, "ಅದಕ್ಕ ಬೇಕಂದ್ರ ನಾ ಯಾಕ ಬ್ಯಾಡ ಅನ್ನಲಿ? ಖರೇ ಒಳಗ ತರಬ್ಯಾಡ್ರಿ. ಹಿತ್ತಲದಾಗ ಏನರ ಮಾಡ್ಕೋರಿ," ಎಂದಳು.

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ನನ್ನ ಜೊತೆ ಸಾಲಿ ಕಲಿತ ಗೆಳೆಯನೊಬ್ಬನ ಮಟನ್ ಅಂಗಡಿಯಿದೆ. ಐವತ್ತು ವರ್ಷದ ಸ್ನೇಹದಲ್ಲಿ ನಾನು ಆ ಅಂಗಡಿಯ ಕಟ್ಟೆ ಹತ್ತಿದ್ದು ಅಂದೇ ಮೊದಲು. ಅವನು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದ.

"ಏನ್ ದೋಸ್ತ, ಹಾದಿ ತಪ್ಪಿ ಬಂದಿ?"

"ನನಗಲ್ಲೋ ಮಾರಾಯಾ, ಬೆಕ್ಕಿಗೆ."

"ಮೊದಲನೇ ಸಲ ಬಂದವರು ಎಲ್ಲಾರೂ ಹಂಗ ಅಂತಾರ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ವಿಷಯ ತಿಳಿದ ಮೇಲೆ ಗಂಭೀರನಾದ. "ಕೇಳಿಲ್ಲೆ. ಮೊದಲ ದಿನ ಉಗುರಿನಷ್ಟು ತುಣುಕು ರೊಟ್ಟಿಯೊಳಗ ಹಿಸುಕು. ಮರುದಿನ ಎರಡು ಉಗುರಿನಷ್ಟು. ಅದಕ್ಕ ಗೊತ್ತಾಗದಂಗ ಬದಲಾಗಬೇಕು. ಮತ್ತ ಕೈಯಾಗ ಹಿಡದು ತಿನ್ನಸು."

ಅಲ್ಲಿಯೇ ನಾನು ಸಿಕ್ಕಿಬಿದ್ದೆ. ರೊಟ್ಟಿ-ಹಾಲು ಅಡುಗೆಮನೆಯದು, ಮಾಂಸ ಹಿತ್ತಲಿನದು. ಎರಡನ್ನೂ ಒಂದೇ ಬಟ್ಟಲಲ್ಲಿ ಕಲಸುವುದೆಂದರೆ ನನಗೆ ಆಗದ ಮಾತು. ನಿಜ ಹೇಳಬೇಕೆಂದರೆ, ರೊಟ್ಟಿಯನ್ನು ಹಿತ್ತಲಿಗೆ ಒಯ್ದು ಕಲಸಬಹುದಿತ್ತು, ಹೆಂಡತಿ ಬೇಡವೆಂದಿರಲಿಲ್ಲ. ನನ್ನ ಕೈಯೇ ಮುಂದೆ ಬರಲಿಲ್ಲ. ಹಾಗಾಗಿ ರೊಟ್ಟಿಯನ್ನೇ ಬಂದ್ ಮಾಡಿಸಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೆಯ ತಗಡು ಹಾಕಿ, ಗೆಳೆಯ ಕೊಚ್ಚಿ ಕೊಟ್ಟ ಮಾಂಸವನ್ನು ಚಿಮಟಿಗೆಯಿಂದ ಹಿಡಿದು ಅದರ ಮೇಲಿಟ್ಟು, ದೂರ ಸರಿದು ನಿಂತೆ.

ಬೆಕ್ಕು ಬಂದು ಮೂಸಿತು. ನನ್ನ ಮುಖ ನೋಡಿತು. ಅಡುಗೆಮನೆಯ ಬಾಗಿಲಿಗೆ ಹೋಗಿ ಕೂತಿತು.

ಮರುದಿನವೂ ಅದೇ. "ಹಸಿವಾದ್ರ ತಾನ ತಿಂತದ ಬಿಡು," ಎಂದೆ ಹೆಂಡತಿಗೆ. ನಾವು ಉಣ್ಣುವ ಹೊತ್ತಿಗೆ ಬಾಗಿಲಿನ ಆಚೆಯಿಂದ ಕೂಗಿತು. ಎದ್ದು ಹೋಗಿ ಅಗಳಿ ಹಾಕಿ ಬಂದೆ. ಮೂರನೆಯ ದಿನ ತಗಡು ಖಾಲಿಯಾಗಿತ್ತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗೋಡೆಯ ಮೇಲೆ ಕಾಗೆ ಬಾಯಿ ಒರೆಸಿಕೊಳ್ಳುತ್ತಿತ್ತು.

ಈ ನಡುವೆ ದಿನಾ ಸಂಜೆ ಅಕ್ಕನ ಫೋನು.

"ಉಂಡ್ತೇನೋ?"

"ಉಂಡ್ತು."

"ಎಷ್ಟು?"

"ಅರ್ಧ ರೊಟ್ಟಿ."

"ಬರೇ ಅರ್ಧಾ? ನನ್ನ ನೆನಸ್ತಿರಬೇಕು," ಎನ್ನುವಾಗ ಆಕೆಯ ದನಿಯಲ್ಲಿ ಒಂದಿಷ್ಟು ಹಿಗ್ಗೂ ಇರುತ್ತಿತ್ತು. ಆ ಅರ್ಧ ರೊಟ್ಟಿಯನ್ನು ನಾನು ಎಲ್ಲಿಂದ ತಂದೆನೋ. ಪೂರಾ ರೊಟ್ಟಿ ಎಂದರೆ ನಂಬಲಿಕ್ಕಿಲ್ಲ ಎಂಬ ಲೆಕ್ಕವೂ ಆ ಸುಳ್ಳಿನೊಳಗಿತ್ತು.

ನಾಲ್ಕನೆಯ ದಿನ ಬೆಕ್ಕು ಕೂಗಲಿಲ್ಲ. ಒಗೆಯುವ ಕಲ್ಲಿನ ನೆರಳಲ್ಲಿ ಮೈ ಚೆಲ್ಲಿ ಬಿದ್ದಿತ್ತು. ಹೆಂಡತಿ ನನ್ನನ್ನು ಕೇಳದೆ ಅಗಳಿ ತೆಗೆದು ರೊಟ್ಟಿ-ಹಾಲು ಒಯ್ದಳು. ಅದನ್ನೂ ಮುಟ್ಟಲಿಲ್ಲ.

"ಅಕ್ಕಾರಿಗೆ ಹೆಂಗ್ರೀ ಮಾರಿ ತೋರಸ್ತೀರಿ?" ಎಂದು ಆಕೆ ಕೇಳುತ್ತಿದ್ದಂತೆ ನಾನು ಬುಟ್ಟಿ ಹುಡುಕಿದೆ.

ಡಾಕ್ಟರರು ಚರ್ಮದ ಕೆಳಗೆ ಸಲೈನ್ ಹಾಕಿದರು. "ಬೆಕ್ಕು ಇಷ್ಟು ದಿನ ಉಪವಾಸ ಇರಬಾರದ್ರಿ, ಲಿವರ್ ಹೋಗ್ತದ. ಸಾವಕಾಶ ಅಂತ ಹೇಳಿದ್ದೆ. ಇವತ್ತ ಏನರ ಹೊಟ್ಟಿಗೆ ಹೋಗಲೇಬೇಕು," ಎಂದರು. ಅಲ್ಲಿಂದ ನೇರ ಕ್ಯಾಂಪಿನ ಗೆಳೆಯನ ಮನೆಗೆ ಹೋದೆ. ಅವನ ಹೆಂಡತಿ ಬೆಕ್ಕನ್ನು ನೋಡಿದವರೇ ಬುಟ್ಟಿಯಿಂದ ಎತ್ತಿಕೊಂಡರು. ಮಾಂಸವನ್ನು ನುಣ್ಣಗೆ ಅರೆದು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ನೆಲದ ಮೇಲೆ ಕೂತು, ಬೆರಳ ತುದಿಯಿಂದ ಅದರ ಹಲ್ಲಿನ ಮೇಲೆ ಸವರಿದರು. ಸಂಜೆಯವರೆಗೆ ಹಾಗೇ ಸವರಿದರು. ಮರುದಿನ ಅದು ಬೆರಳು ನೆಕ್ಕಿತಂತೆ. ಮೂರನೆಯ ದಿನ ನಾನು ಹೋದಾಗ ಅವರ ಊಟದ ಸಾಲಿನಲ್ಲಿ, ಅವರ ತಾಟಿನ ಬಾಜು ಕೂತು ಹಸಿ ಮಾಂಸ ತಿನ್ನುತ್ತಿತ್ತು.

"ಅಣ್ಣಾ," ಎಂದರು ನನ್ನಿಂದ ಎಲ್ಲವನ್ನೂ ಕೇಳಿ ತಿಳಿದಿದ್ದ ಅವರು, "ಚಿಮಟಿಗಿಲೇ ನೀಡಿದ್ರ ನೀವರ ಉಣ್ತೀರೇನು?"

ಆರು ವಾರ ಬೆಕ್ಕು ಅಲ್ಲಿಯೇ ಇತ್ತು. ಬೆನ್ನ ಮೇಲೆ ಕೂದಲು ಬಂತು, ಮೈ ರೇಷ್ಮೆಯಾಯಿತು. ಅಕ್ಕ ಫೋನಿನಲ್ಲಿ "ಉಂಡ್ತೇನೋ?" ಎಂದರೆ "ಉಂಡ್ತು" ಎಂದು ಈಗ ಧೈರ್ಯದಿಂದ ಹೇಳುತ್ತಿದ್ದೆ. ಏನನ್ನು, ಎಲ್ಲಿ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ.

ಅಕ್ಕ ಕೋಲು ಹಿಡಿದು ಖಾನಾಪುರಕ್ಕೆ ಮರಳಿದ ದಿನ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

"ಅಯ್ಯ ನನ್ನ ರಾಜಾ! ಮೈ ಏನು ಹೊಳೀತೈತೋ! ಏನು ಉಣಿಸ್ದೋ ತಮ್ಮಾ?"

ಹೇಳುವುದಾದರೆ ಆಗಲೇ ಹೇಳಬೇಕಿತ್ತು. "ನಿನ್ನ ರೊಟ್ಟೀನ," ಎಂದೆ.

ಮೂರು ಗಂಟೆಗೆ ಆಕೆ ಉಣ್ಣಲು ಕೂತಳು. ಮೊಣಕಾಲು ಮಡಚುವಂತಿರಲಿಲ್ಲವಾದ್ದರಿಂದ ಕುರ್ಚಿ-ಮೇಜು ಬಂದಿದ್ದವು. ಬೆಕ್ಕಿಗೂ ಎತ್ತರವಾಗಲೆಂದು ಎಡಕ್ಕೆ ಒಂದು ಸ್ಟೂಲು ಇಟ್ಟು, ಅದರ ಮೇಲೆ ಗೋಣಿ ಮಡಚಿ ಹಾಕಿದ್ದಳು. ರೊಟ್ಟಿ ಹಿಸುಕಿ, ಹಾಲು ಊದಿ ಊದಿ ಆರಿಸಿ, ತಾಟಿನ ಅಂಚಿಗೆ ಹಾಕಿದಳು. ಬೆಕ್ಕು ಸ್ಟೂಲು ಹತ್ತಿತು. ಮೂಸಿತು. ಹೊಲಸನ್ನು ಮುಚ್ಚುವಾಗ ಮಾಡುತ್ತದಲ್ಲ, ಹಾಗೆ ತಾಟಿನ ಬದಿಗೆ ಕಾಲಿನಿಂದ ಎರಡು ಸಲ ಕೆರೆದು, ಇಳಿದು ಹೋಯಿತು.

"ಬಸ್ಸಿನ್ಯಾಗ ದಣದದ," ಎಂದಳು ಅಕ್ಕ. ಸಂಜೆ ಮತ್ತೆ ಹಾಕಿದಳು. ಮತ್ತೆ ಕೆರೆದು ಇಳಿಯಿತು. ಆಕೆ ಗಾಬರಿಯಾಗಿ ಡಾಕ್ಟರನ್ನು ಕರೆಸೋಣ ಎಂದಾಗ, ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಮಾಂಸ ತಿಂತದಂದ್ರ ತಿನ್ನಲಿ. ಅದರ ಊಟನ ಅದು. ಖರೇ ನಾಕು ದಿನ ಉಪವಾಸ ಇತ್ತಲ್ಲೋ, ಆ ನಾಕೂ ದಿನ ನಾ ನಿನ್ನ ಕೇಳೀನಿಲ್ಲೋ?"

"ಕೇಳಿದ್ದಿ."

"ಮತ್ತ ಆ ಅರ್ಧ ರೊಟ್ಟಿ ಯಾರು ಉಂಡ್ರು?"

ಏನಾದರೂ ಸರಿಪಡಿಸುವ ಆತುರದಲ್ಲಿ, ಎರಡು ದಿನ ಮಾಂಸ ಕೊಡದೆ ನೋಡೋಣ, ಮತ್ತೆ ರೊಟ್ಟಿಗೆ ಬಂದೀತು ಎಂದುಬಿಟ್ಟೆ.

"ಉಪವಾಸ ಕೆಡವಿ ಕಲಿಸೂ ವಿದ್ಯಾ ನಿನ್ನ ಕಡೇನ ಇರಲಿ," ಎಂದಳು. ಇಷ್ಟು ವರ್ಷಗಳಲ್ಲಿ ಆಕೆ ನನ್ನೊಂದಿಗೆ ಆ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಅಕ್ಕನೂ ಮಾಂಸ ಮುಟ್ಟುವವಳಲ್ಲ. ಗಿರಣಿಯ ಎದುರಿಗೆ ಕೋಳಿ ಅಂಗಡಿ ಇಟ್ಟಿರುವ ಮರಾಠಿ ಹೆಣ್ಣುಮಗಳೊಬ್ಬರಿದ್ದಾರೆ. ಅವರಿಗೆ ಹೇಳಿ ವ್ಯವಸ್ಥೆ ಮಾಡಿದಳು. ಬೆಕ್ಕು ಮಧ್ಯಾಹ್ನ ಅಲ್ಲಿಗೆ ಹೋಗಿ ತಿಂದು, ಅಲ್ಲಿಯೇ ಬಿಸಿಲು ಕಾಯಿಸಿಕೊಂಡು, ನಾಲ್ಕರ ಸುಮಾರಿಗೆ ಬಂದು ಚೀಲ ಹತ್ತುತ್ತದೆ. ಅಷ್ಟರಲ್ಲಿ ಅಕ್ಕನ ಊಟ ಮುಗಿದಿರುತ್ತದೆ. ಈಗೀಗ ಇಲಿ ಹಿಡಿಯುವುದನ್ನೂ ಕಲಿತಿದೆಯಂತೆ. ಗಿರಾಕಿಗಳು ಹೊಗಳುತ್ತಾರೆ. ಅಕ್ಕ ಹೂಂ ಎನ್ನುತ್ತಾಳೆ, ಮೊದಲಿನಂತೆ ತಿರುಗಿ ಚಾಷ್ಟಿ ಮಾಡಿ ನಗಿಸುವುದಿಲ್ಲ.

ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ, ಬೇಕೆಂದೇ ಮೂರು ಗಂಟೆಗೆ ಮುಟ್ಟುವ ಹಾಗೆ. ಕಳೆದ ಸಲ, "ಅಕ್ಕಾ, ನೀನೂ ಕುಂದ್ರು, ಜೋಡಿಲೆ ಉಣ್ಣೂಣು," ಎಂದೆ.

"ತವರಮನಿಯಿಂದ ತಮ್ಮ ಬಂದಾನ, ನೀಡೂದು ಬಿಟ್ಟು ನಾ ಉಣ್ಣಾಕ ಕುಂದರ್ಲೇನು? ನೀ ಉಣ್ಣು. ನಂದು ಆಮ್ಯಾಲ."

ನಮ್ಮಲ್ಲಿ ಹೆಣ್ಣುಮಕ್ಕಳು ಬಡಿಸಿಯೇ ಉಣ್ಣುವವರು, ಅದರಲ್ಲೂ ತವರಿನವರು ಬಂದರೆ ಕೇಳುವುದೇ ಬೇಡ. ಲಗುಲಗು ಉಂಡು ಕೈ ತೊಳೆದು, ಎದ್ದು ಹೋಗದೆ ಚೀಲಗಳ ಮೇಲೆ ಕೂತೆ, ಆಕೆ ಉಣ್ಣುವಾಗ ಎದುರಿಗಾದರೂ ಇರೋಣವೆಂದು. ಆಕೆ ತನ್ನ ತಾಟಿಗೆ ಒಂದು ರೊಟ್ಟಿ ಹಾಕಿಕೊಂಡಳು, ಪಲ್ಯ ಹಾಕಿಕೊಂಡಳು. ನನ್ನ ಕಡೆ ನೋಡಿದಳು. ಇನ್ನೊಂದು ತಾಟು ತಂದು ಅದರ ಮೇಲೆ ಮುಚ್ಚಿಟ್ಟು, "ಬಸ್ಸು ತಪ್ಪತೈತಿ, ನಡಿ ನೀ," ಎಂದಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು.