ಕೊಕ್ಕೆ ಹಿಡಿದ ಚಲುವಯ್ಯ

ಚಲುವಯ್ಯನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬರೆಯಬಲ್ಲವರು ಇನ್ಯಾರೂ ಉಳಿದಿಲ್ಲ. ಡಾಕ್ಟರು ತೀರಿಕೊಂಡರು. ಚಲುವಯ್ಯ ೧೯೪೯ರಲ್ಲಿ ಹೋದ. ಅವನ ಹೆಂಡತಿ ಮಲ್ಲಿಗಮ್ಮ ಅದಕ್ಕೂ ಎಷ್ಟೋ ಮುಂಚೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಉಳಿದವನು ನಾನು, ಕಾಂಪೌಂಡರ್ ಚಂದ್ರಯ್ಯ. ಕೆಲಸಕ್ಕೆ ಬಾರದವರಿಗೆ ಆಯುಸ್ಸು ಗಟ್ಟಿ ಅಂತಾರಲ್ಲ, ಹಾಗೆ.

ಅರಕಲಗೂಡಿಗೂ ಕೊಣನೂರಿಗೂ ನಡುವೆ ರಸ್ತೆ ಪಕ್ಕದಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಇಲ್ಲ. ಆರು ಮಂಚ, ಒಬ್ಬ ಡಾಕ್ಟರು, ಒಬ್ಬ ನಾನು. ೧೯೩೧ರಲ್ಲಿ ಕಕ್ಕಸು ತೊಳೆದು ಅಂಗಳ ಗುಡಿಸಲು ಚಲುವಯ್ಯನನ್ನು ಸೇರಿಸಿಕೊಂಡರು. ಹೊಲಗೇರಿಯವನು, ಮುಂಬಾಗಿಲಿನಿಂದ ಬರುವ ಹಾಗಿರಲಿಲ್ಲ. ಹಿತ್ತಲ ಕಡೆಯಿಂದ ಬಂದು ಹಿತ್ತಲ ಕಡೆಯಿಂದಲೇ ಹೋಗುತ್ತಿದ್ದ.

ಕೊಯ್ಯುವ ಸಾಮಾನುಗಳನ್ನು ಕುದಿಸಿ ಇಡುವುದು ನನ್ನ ಕೆಲಸ. ನಾನೋ ಸೋಮಾರಿ. ನೀರು ಒಂದು ಕುದಿ ಬಂದರೆ ಸಾಕು, ತೆಗೆದು ಒದ್ದೆ ಒದ್ದೆಯಾಗಿಯೇ ಪೆಟ್ಟಿಗೆಗೆ ತುಂಬುತ್ತಿದ್ದೆ. ಒಂದು ದಿನ ಡಾಕ್ಟರು ಪೆಟ್ಟಿಗೆ ತೆರೆದು, ತುಕ್ಕು ಹಿಡಿದ ಚಾಕುವನ್ನು ನನ್ನ ಮುಖಕ್ಕೆ ಹಿಡಿದು ಬಾಯಿಗೆ ಬಂದಂತೆ ಬೈದರು. ಕಿಟಕಿಯಾಚೆ ಕಸ ಗುಡಿಸುತ್ತಿದ್ದ ಚಲುವಯ್ಯ ಹೇಳಿದ: "ಒರೆಸ್ದೆ ಮಡಗಿದ್ರೆ ಕುಡ್ಗೋಲೂ ತುಕ್ಕಿಡಿತದೆ ಸಾ." ಆವತ್ತೇ ಆ ಕೆಲಸ ಅವನ ಪಾಲಿಗೆ ಹೋಯಿತು. ಊರಿನವರು ತಕರಾರು ತೆಗೆದಾಗ ಡಾಕ್ಟರು, "ಕುದಿಯೋ ನೀರಿಗೆ ಮೈಲಿಗೆ ಇಲ್ಲ, ಹೋಗ್ರಯ್ಯ" ಎಂದು ಗದರಿದರು. ನಾನು ಮಾತ್ರ ಎರಡು ವರ್ಷ ಅವನ ಕುದಿಸುವ ಕೋಣೆಯೊಳಗೆ ಕಾಲಿಡಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಓದು ಬರಹ ತಿಳಿಯದವನು ಗಡಿಯಾರ ನೋಡುವುದನ್ನು ಕಲಿತ. ದೊಡ್ಡ ಮುಳ್ಳು ನಾಲ್ಕು ಮನೆ ದಾಟುವ ತನಕ ಕುದಿಸಬೇಕು, ಅಂದರೆ ಇಪ್ಪತ್ತು ನಿಮಿಷ. ಹತ್ತೊಂಬತ್ತಕ್ಕೆ ತೆಗೆ ಎಂದರೆ ಡಾಕ್ಟರ ಮಾತನ್ನೂ ಕೇಳುತ್ತಿರಲಿಲ್ಲ. ಎದೆಯೊಳಗೆ ಕೀವು ತುಂಬಿದವರ ಪಕ್ಕೆಗೆ ಚುಚ್ಚುವ ದಬ್ಬಣದಂಥ ಸೂಜಿ, ಕೀವು ಬಸಿದು ಹೋಗಲು ಪಕ್ಕೆಲುಬಿನ ಸಂದಿಯಲ್ಲಿ ತೂರಿಸುವ ರಬ್ಬರ್ ಕೊಳವೆ, ಇವೆಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ಇನ್ನೊಂದು ಪೆಟ್ಟಿಗೆ ಗಂಟಲಮಾರಿಯದು. ಆ ರೋಗದಲ್ಲಿ ಗಂಟಲೊಳಗೆ ಬಿಳಿಯ ಪೊರೆ ಬೆಳೆದು ಮಕ್ಕಳು ಉಸಿರು ಕಟ್ಟಿ ಸಾಯುತ್ತಿದ್ದವು. ಆಗ ಕತ್ತಿನ ಮುಂಭಾಗದಲ್ಲಿ ಸಣ್ಣದಾಗಿ ಕೊಯ್ದು, ಉಸಿರುನಾಳಕ್ಕೆ ತೂತು ಮಾಡಿ, ಅದರಲ್ಲಿ ಬೆಳ್ಳಿಯ ಕೊಳವೆ ಕೂರಿಸಬೇಕು. ಕೊಳವೆ ಕೂರುವ ತನಕ ಕೊಯ್ದ ಬಾಯಿ ಮುಚ್ಚಿಕೊಳ್ಳದ ಹಾಗೆ ಎರಡು ಮೊಂಡು ಕೊಕ್ಕೆಗಳಿಂದ ಅಗಲಿಸಿ ಹಿಡಿಯಬೇಕು. ಪೆಟ್ಟಿಗೆಯಲ್ಲಿ ಕೊಳವೆ ಇದ್ದದ್ದು ಮೂರು: ದೊಡ್ಡವರಿಗೊಂದು, ಹತ್ತು ಹನ್ನೆರಡರ ಮಕ್ಕಳಿಗೊಂದು, ಎಳೆಯ ಮಕ್ಕಳಿಗೊಂದು. ಸಣ್ಣದು ಇನ್ನೊಂದು ಬೇಕೆಂದು ಡಾಕ್ಟರು ಬರೆದದ್ದಕ್ಕೆ, ಯುದ್ಧ ಮುಗಿಯುವ ತನಕ ವಿಲಾಯಿತಿ ಸಾಮಾನು ಸಿಗುವುದಿಲ್ಲ ಎಂದು ಉತ್ತರ ಬಂದಿತ್ತು.

ಕೊಕ್ಕೆ ಹಿಡಿಯುವುದೂ ಮೊದಲು ನನ್ನ ಕೆಲಸವೇ. ರಕ್ತ ಕಂಡರೆ ನನ್ನ ಕೈ ನಡುಗುತ್ತಿತ್ತು. ಒಂದು ಸಲ ಮಗುವಿನ ಮೇಲೆಯೇ ಬೀಳುವುದರಲ್ಲಿದ್ದೆ. ಡಾಕ್ಟರು ಚಲುವಯ್ಯನನ್ನು ಕೂಗಿ ಕೊಕ್ಕೆ ಕೊಟ್ಟರು. ಅವನ ಕೈ ನೇಗಿಲ ಮೇಳಿ ಹಿಡಿದವನ ಕೈಯಂತೆ ನಿಂತಿತು. ಎಡಗೈಯಲ್ಲಿದ್ದದ್ದನ್ನು ಎಡಗೋಲು, ಬಲಗೈಯಲ್ಲಿದ್ದದ್ದನ್ನು ಬಲಗೋಲು ಎಂದು ಎತ್ತುಗಳ ಹಾಗೆ ಕರೆಯುತ್ತಿದ್ದ. ಕೊಯ್ಯಿಸಿಕೊಂಡವರ ಕಡೆಯವರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದರಿಂದ ಒಳಗೆ ಕೊಕ್ಕೆ ಹಿಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಗೊತ್ತಿದ್ದವರೂ ಗೊತ್ತಿಲ್ಲದಂತೆ ಇದ್ದರು.

ಅವನಿಗೆ ಒಂದು ಭಯವಿತ್ತು. ೧೯೩೭ರಲ್ಲಿ ಕೊಣನೂರಿನ ನಂಜಪ್ಪನ ಮಗಳಿಗೆ ಕೊಳವೆ ಹಾಕಿ, ಆರನೆಯ ದಿನ ವಾಸಿಯಾಯಿತೆಂದು ತೆಗೆದರು. ಸಂಜೆಯ ಹೊತ್ತಿಗೆ ಗಂಟಲು ಮತ್ತೆ ಕಟ್ಟಿ, ಡಾಕ್ಟರು ಓಡಿ ಬರುವಷ್ಟರಲ್ಲಿ ಮಗು ಚಲುವಯ್ಯನ ಕಣ್ಣೆದುರಿಗೇ ಹೋಯಿತು. ಆಮೇಲೆ ಯಾವ ಮಗುವಿನ ಕೊಳವೆ ತೆಗೆಯುವಾಗಲೂ, "ಇನ್ನೊಂದಿನ ಇರ್ಲಿ ಸಾ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

೧೯೪೨ರ ಡಿಸೆಂಬರ್ ಕೊನೆಯಲ್ಲಿ ಹೊಗೆಸೊಪ್ಪಿನ ವ್ಯಾಪಾರಿ ಪಂಚಾಕ್ಷರಯ್ಯನವರ ಮೊಮ್ಮಗನನ್ನು ಕರೆತಂದರು. ಚನ್ನಬಸವ, ಐದು ವರ್ಷದ ಹುಡುಗ. ಮುಖ ನೀಲಿಗಟ್ಟಿತ್ತು. ಡಾಕ್ಟರು ಕೊಯ್ದರು, ಚಲುವಯ್ಯ ಕೊಕ್ಕೆ ಹಿಡಿದ, ಸಣ್ಣ ಕೊಳವೆ ಕೂತಿತು, ಹುಡುಗ ಬದುಕಿದ. ಆ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ. ಅದನ್ನು ಎರಡೆರಡು ಗಂಟೆಗೆ ಎಳೆದು, ಕಫ ತೊಳೆದು, ಮತ್ತೆ ಸೇರಿಸಬೇಕು. ಎಂಟು ದಿನ ಆ ಕೆಲಸ ಚಲುವಯ್ಯನದೇ ಆಯಿತು. ಭಾನುವಾರ ಒಂದೇ ಹೊತ್ತು ಕೇರಿಗೆ ಹೋಗಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡು ಬಂದ. ಅವಳಿಗೆ ನಾಲ್ಕು ವರ್ಷ. ಹೆಸರು ದೊಡ್ಡಮ್ಮ, ಅವನ ತಾಯಿಯ ಹೆಸರು. "ನಮ್ಮವ್ವ ಇವತ್ತು ಎಂಗೆ ಬೈದ್ಲು ಗೊತ್ತಾ ಬುದ್ದಿ" ಎಂದು ಆ ಚೋಟುದ್ದದ ಕೂಸಿನ ಸುದ್ದಿ ಹೇಳುತ್ತಿದ್ದ. ರೋಗ ಯಾವ ದಾರಿಯಲ್ಲಿ ಅವನ ಮನೆಗೆ ಹೋಯಿತು ಎಂದು ನಾನು ಬಾಯಿಬಿಟ್ಟು ಯಾವತ್ತೂ ಹೇಳಿಲ್ಲ. ಅವನಿಗೂ ಹೇಳಲಿಲ್ಲ.

ಮಂಗಳವಾರ ಡಾಕ್ಟರು ಹುಡುಗನ ಕೊಳವೆಯ ಬಾಯಿಗೆ ಬೆರಳು ಒತ್ತಿ ನೋಡಿದರು. ಹುಡುಗ ಮೂಗಿನಲ್ಲೇ ಸರಾಗವಾಗಿ ಉಸಿರಾಡಿದ. "ಇವತ್ತೇ ತೆಗೆದುಬಿಡೋಣ" ಎಂದರು.

ಪಂಚಾಕ್ಷರಯ್ಯನವರು ಕೈಮುಗಿದರು. "ಇವತ್ತು ಮಂಗಳವಾರ. ನಾಳೆ ಅಮಾವಾಸ್ಯೆ. ಗುರುವಾರ ಬೆಳಿಗ್ಗೆ ಆಗೋದಿಲ್ವೇ?"

"ಪಂಚಾಂಗ ನೋಡಿ ಉಸಿರಾಡೋಕಾಗುತ್ತೇನ್ರೀ?" ಎಂದು ಡಾಕ್ಟರು ಸಿಡುಕಿದರು.

ಆಗ ಹುಡುಗನ ಅಜ್ಜಿ ಶಿವಗಂಗಮ್ಮನವರು ಹಿತ್ತಲಿಗೆ ಬಂದರು. ಎಂಟು ದಿನದಲ್ಲಿ ಅವರು ಚಲುವಯ್ಯನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಚಲುವಾ, ನನ್ನ ಕೂಸಿನ ಉಸಿರು ಕಾದೋನು ನೀನು. ನೀನೇ ಹೇಳಪ್ಪ, ತೆಗೀಬಹುದಾ?"

ಚಲುವಯ್ಯ ಕರಗಿಹೋದ. ನಂಜಪ್ಪನ ಮಗಳ ಕತೆ ಪೂರ್ತಿ ಹೇಳಿದ. "ಒಂದಿನ ಮುಂಚೆ ತೆಗೆದ್ರು, ಒಂಟೋಯ್ತು ಅಮ್ಮಾವ್ರೇ. ಅಮಾಸೆ ಕಳ್ದೋಗ್ಲಿ. ನಾನು ಡಾಕ್ಟ್ರಿಗೆ ಏಳ್ತೀನಿ." ಹೇಳಿಯೂ ಹೇಳಿದ. ಡಾಕ್ಟರ ಕಾಲು ಹಿಡಿದ. ನಾನೂ ಪಕ್ಕದಲ್ಲಿ ನಿಂತು, ಎರಡು ದಿನದಲ್ಲಿ ಏನಾಗುತ್ತದೆ ಎಂದು ತಾಳ ಹಾಕಿದೆ. ಡಾಕ್ಟರು ನಕ್ಕು, "ನಿನ್ನ ಮಾತಿಗೆ ಬಿಟ್ಟೆ, ಹೋಗೋ" ಎಂದರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮಲ್ಲಿಗಮ್ಮ ದೊಡ್ಡಮ್ಮನನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಓಡಿ ಬಂದಳು. ಕೂಸಿನ ಉಸಿರು ಹುಂಜ ಕೂಗಿದಂತೆ ಕೇಳುತ್ತಿತ್ತು. ಎರಡು ದಿನದಿಂದ ಜ್ವರ, ಗಂಡನ ಕೆಲಸಕ್ಕೆ ಅಡ್ಡಿ ಆಗಬಾರದೆಂದು ಸುಮ್ಮನಿದ್ದಳಂತೆ. ಡಾಕ್ಟರು ಸೂಜಿಮದ್ದು ಚುಚ್ಚಿದರು. ಅದು ಕೆಲಸ ಮಾಡಲು ಒಂದು ದಿನವಾದರೂ ಬೇಕು. ಕೂಸಿಗೆ ಒಂದು ಗಳಿಗೆಯೂ ಇರಲಿಲ್ಲ. ಮೇಜಿನ ಮೇಲೆ ಮಲಗಿಸಿ, ನನ್ನ ಕೈಗೆ ಕೊಕ್ಕೆ ಕೊಟ್ಟರು. ಚಲುವಯ್ಯ ಎರಡನ್ನೂ ನನ್ನಿಂದ ತೆಗೆದುಕೊಂಡ.

ಡಾಕ್ಟರು ಕೊಯ್ದರು. ಕೂಸು ಕೆಮ್ಮಿತು, ಗಾಳಿ ಆಡಿತು, ತುಟಿಗೆ ಕೆಂಪು ಬಂತು. ಇನ್ನು ಕೊಳವೆ ಕೂರಿಸಬೇಕು. ನಡುವಿನ ಕೊಳವೆ ಹೋಗಲಿಲ್ಲ, ಸುಮ್ಮನೆ ರಕ್ತ ಬಂತು. ಎದೆಗೆ ಹಾಕುವ ರಬ್ಬರ್ ಕೊಳವೆಯ ತುಂಡು ಕತ್ತರಿಸಿ ನೋಡಿದರು. ಹಳೆಯ ರಬ್ಬರು, ಬಾಗಿಸಿದ ಕಡೆ ಬಿರಿಯಿತು. ಸಣ್ಣ ಕೊಳವೆ ಒಂದೇ, ಅದು ವಾರ್ಡಿನಲ್ಲಿ ಚನ್ನಬಸವನ ಕತ್ತಿನಲ್ಲಿತ್ತು.

ಡಾಕ್ಟರು ವಾರ್ಡಿಗೆ ಹೋದರು, ಬರಿಗೈಯಲ್ಲಿ ಬಂದರು. "ಚಂದ್ರಯ್ಯ, ಅವರು ನಿಮ್ಮ ಜನ. ನೀವು ಹೇಳಿ ನೋಡಿ."

ನಾನು ಹೋದೆ. ಶಿವಗಂಗಮ್ಮನವರು ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡು ಅವನ ಕತ್ತಿನ ಸುತ್ತ ಎರಡು ಕೈ ಕಟ್ಟಿ ಕೂತಿದ್ದರು. "ಒಂದು ದಿನ ಮುಂಚೆ ತೆಗೆದ್ರೆ ಹೋಗ್ತದೆ ಅಂದೋನು ಆ ಚಲುವನೇ. ಇವತ್ತು ಅಮಾವಾಸ್ಯೆ. ತೆಗೆದ ಮೇಲೆ ಇವನಿಗೆ ಮತ್ತೆ ಕಟ್ಟಿಕೊಂಡರೆ ಏನು ಮಾಡ್ತೀರಿ? ಆ ಕೂಸಿನ ಕತ್ತಿಂದ ಕಿತ್ತು ಇವನಿಗೆ ಹಾಕ್ತೀರಾ?"

"ಏನೂ ಆಗೋದಿಲ್ಲ ತಾಯಿ. ಡಾಕ್ಟರು ನೋಡಿದ್ದಾರೆ."

"ಆಗೋದಿಲ್ಲ ಅಂತ ಲಿಂಗ ಮುಟ್ಟಿ ಹೇಳಪ್ಪ. ಹೇಳಿದರೆ ಕೊಡ್ತೀನಿ."

ನನ್ನ ಕೈ ಎದೆಯ ತನಕ ಹೋಯಿತು. ಲಿಂಗದ ಕರಡಿಗೆಯನ್ನು ಮುಟ್ಟಲು ಧೈರ್ಯ ಬರಲಿಲ್ಲ. ಹುಡುಗ ಸತ್ತರೆ ಆಣೆ ಸುಳ್ಳಾಗುತ್ತದೆ, ವಂಶ ಹಾಳಾಗುತ್ತದೆ ಎಂದು ಹೆದರಿದೆ. ಅಂಗಿಯ ಗುಂಡಿ ಸರಿಮಾಡಿಕೊಂಡವನಂತೆ ಕೈ ಕೆಳಗಿಳಿಸಿದೆ. ಶಿವಗಂಗಮ್ಮನವರು ಅಳತೊಡಗಿದರು. ಅವರನ್ನು ನಾನು ಕೆಟ್ಟವರು ಎನ್ನಲಾರೆ. ಪಂಚಾಕ್ಷರಯ್ಯನವರು ನನ್ನ ಮುಖ ನೋಡದೆ, "ಹಾಸನಕ್ಕೆ ನನ್ನ ಮೋಟಾರು ಕಳಿಸ್ತೀನಿ. ಅಲ್ಲಿಂದ ಕೊಳವೆ ತರಿಸಿ" ಎಂದರು. ರೇಷನ್ನಿನ ಪೆಟ್ರೋಲು ಅಷ್ಟೂ ಹಾಕಿಸಿ ಆಗಲೇ ಕಳಿಸಿದರು. ಹೋಗಿ, ಡಾಕ್ಟರ ಚೀಟಿ ತೋರಿಸಿ, ಹುಡುಕಿಸಿ ಬರುವಷ್ಟರಲ್ಲಿ ಸಂಜೆ ನಾಲ್ಕಾಗುತ್ತದೆ ಎಂದು ಡ್ರೈವರ್ ಹೇಳಿದ.

ನಾನು ಒಳಗೆ ಬಂದು, ನನ್ನ ಹೇಡಿತನ ಮುಚ್ಚಿಕೊಳ್ಳಲೋ ಏನೋ, "ಕೊಡಲ್ಲ ಅಂತಾರೆ. ನೀನೇ ಹಾಗೆ ಹೇಳಿದ್ಯಂತೆ" ಎಂದುಬಿಟ್ಟೆ.

ಚಲುವಯ್ಯ ತಲೆ ಎತ್ತಲಿಲ್ಲ. "ಊಂ ಬುದ್ದಿ. ನಾನೇ ಅಂದಿದ್ದು."

ಅಲ್ಲಿಂದ ಮುಂದೆ ಅವನು ಕೊಕ್ಕೆ ಹಿಡಿದು ನಿಂತದ್ದು ನಿಂತದ್ದೇ. ಎಡಗೋಲು ಬಲಗೋಲು ಎರಡೂ ಒಂದು ಕೂದಲೆಳೆಯಷ್ಟು ಕದಲಲಿಲ್ಲ. ಕಾಲ ಬಳಿ ಮಲ್ಲಿಗಮ್ಮ, ಕತ್ತಿನ ಬಳಿ ಹತ್ತಿ ಹಿಡಿದು ಡಾಕ್ಟರು. ಸ್ವಲ್ಪ ಹೊತ್ತು ತಾವು ಹಿಡಿಯುವುದಾಗಿ ಡಾಕ್ಟರು ಹೇಳಿದರೆ, "ಕೈ ಬದ್ಲಾಯ್ಸುವಾಗ ಮುಚ್ಕತದೆ ಸಾ" ಎಂದ. ನೀರು ಕುಡಿಸಲು ಹೋದೆ, ಬೇಡವೆಂದ. ಕೂಸು ಕಣ್ಣು ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿತ್ತು. ತೂತಿನಿಂದ ಗಾಳಿ ಹೋಗುವುದರಿಂದ ದನಿ ಬರುವುದಿಲ್ಲ. ತುಟಿ ಮಾತ್ರ ಆಡುತ್ತಿತ್ತು. "ಬೈತಾ ಅವ್ಳೆ" ಎಂದು ಹೆಂಡತಿಗೆ ಹೇಳಿದ. ಹನ್ನೆರಡಾಯಿತು, ಒಂದಾಯಿತು. ನನಗೂ ಆಸೆ ಹುಟ್ಟಿತು. ದೇವರಿಗೆ ಹರಕೆ ಹೊತ್ತೆ. ಆಣೆ ಇಡಲಾರದವನ ಹರಕೆಯನ್ನು ಯಾವ ದೇವರು ಕೇಳುತ್ತಾನೆ?

ಎರಡು ಗಂಟೆಯ ಮೇಲೆ ತೂತಿನ ಅಂಚು ಬಾತು, ರಕ್ತ ಒಳಗೆ ಜಿನುಗತೊಡಗಿತು. ಕೊಳವೆ ಇದ್ದಿದ್ದರೆ ಅದು ಒಳಗಿಳಿಯುತ್ತಿರಲಿಲ್ಲ. ಡಾಕ್ಟರು ಎಷ್ಟು ಒರೆಸಿದರೂ ನಿಲ್ಲಲಿಲ್ಲ. ಎರಡೂ ಮುಕ್ಕಾಲಿಗೆ ಕೂಸು ಉಸಿರು ನಿಲ್ಲಿಸಿತು. ಡಾಕ್ಟರು ಎದೆ ಒತ್ತಿದರು, ಬಾಯಿಟ್ಟು ಊದಿದರು, ಕೊನೆಗೆ ಕೈಬಿಟ್ಟರು. "ಚಲುವಯ್ಯ, ಸಾಕು ಕಣಪ್ಪ."

"ಮೋಟ್ರು ಬರ್ಲಿ ಸಾ."

ಅವನ ಕೈ ಬಿಡಿಸಲು ನಮ್ಮಿಬ್ಬರಿಗೂ ಆಗಲಿಲ್ಲ. ಮಲ್ಲಿಗಮ್ಮ ಅಳುವುದನ್ನು ನಿಲ್ಲಿಸಿ, ಒಂದೊಂದೇ ಬೆರಳು ಬಿಡಿಸಿದಳು. ಬಿಡಿಸಿದ ಮೇಲೂ ಬೆರಳುಗಳು ಹಾಗೇ ಮಡಿಚಿಕೊಂಡಿದ್ದವು. ಮೋಟಾರು ನಾಲ್ಕಕ್ಕೆ ಬಂತು. ಹಾಸನದಲ್ಲಿ ಯಾರೋ ಪುಣ್ಯಾತ್ಮರು ಸಣ್ಣ ಕೊಳವೆ ಎರಡು ಕೊಟ್ಟಿದ್ದರು. ಬಟ್ಟೆ ಸುತ್ತಿದ ಪೊಟ್ಟಣವನ್ನು ಡ್ರೈವರ್ ನನ್ನ ಕೈಗಿಟ್ಟ. ಆಗ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಕೇರಿಯ ಕಡೆ ಹೋಗುತ್ತಿದ್ದರು.

ಮಾರನೆಯ ದಿನ ಬರಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಚಲುವಯ್ಯ ಬಂದ. ಸಾಮಾನು ಕುದಿಸುವವರು ಇನ್ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷ ಕುದಿಸಿ ತಂದಿಟ್ಟ. ಪಂಚಾಕ್ಷರಯ್ಯನವರು ಗಳಿಗೆ ನೋಡಿ ತಲೆ ಆಡಿಸಿದರು. ಡಾಕ್ಟರು ಹುಡುಗನ ಕತ್ತಿನ ದಾರ ಬಿಚ್ಚಿ ಕೊಳವೆ ಎಳೆದರು. ಹುಡುಗ ಒಮ್ಮೆ ಕೆಮ್ಮಿ, ಹೊಸದಾಗಿ ಬಂದ ದನಿಯಲ್ಲಿ "ಅಜ್ಜೀ" ಎಂದ. ಉಸಿರು ಒಂದಿಷ್ಟೂ ತಡವರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಚದಿಂದ ಇಳಿದು ಓಡಾಡಿದ. ಶಿವಗಂಗಮ್ಮನವರು ಹಿತ್ತಲ ಬಾಗಿಲ ತನಕ ಬಂದು ಹಿಂದಿರುಗಿದರು.

ಸಂಜೆ ನಾನು ಕುದಿಸುವ ಕೋಣೆಗೆ ಹೋದೆ. ಚಲುವಯ್ಯ ಹುಡುಗನ ಕೊಳವೆಯನ್ನು ಒರೆಸುತ್ತಿದ್ದ. ಬೆರಳು ಇನ್ನೂ ಸರಿಯಾಗಿ ಬಿಚ್ಚಲು ಬರುತ್ತಿರಲಿಲ್ಲ, ಬಟ್ಟೆ ಜಾರುತ್ತಿತ್ತು. ನನ್ನ ಕಡೆ ತಿರುಗದೆ ಕೇಳಿದ:

"ಮಂಗ್ಳಾರನೇ ತೆಗ್ದಿದ್ರೂ ಆ ಮಗ ಉಳ್ಕತಿತ್ತು. ಅಲ್ವಾ ಬುದ್ದಿ?"

ಇಲ್ಲ ಎಂದು ಒಂದು ಸುಳ್ಳು ಹೇಳಬಹುದಿತ್ತು. ನಾನು ಹೌದು ಎಂದೆ.