ಹುಳಕ್ಕೆ ಮೆತ್ತನೆ ಸೊಪ್ಪು

ರೇಷ್ಮೆ ಹುಳು ಸಾಯುವಾಗ ಸದ್ದು ಮಾಡುವುದಿಲ್ಲ. ತಲೆ ಎತ್ತುತ್ತದೆ, ಅತ್ತಿತ್ತ ಆಡಿಸುತ್ತದೆ, ಬಾಯಿಂದ ಹಸಿರು ನೀರು ಕಕ್ಕುತ್ತದೆ. ಹೋದ ಭಾನುವಾರ ಬೆಳಿಗ್ಗೆ ಮೇಲೂರಿನ ಹತ್ತಿರ ಒಂದು ಹುಳು ಮನೆಯಲ್ಲಿ, ಬಾಗಿಲ ಪಕ್ಕದ ಇಡೀ ರ‍್ಯಾಕ್ ಹೀಗೆ ತಲೆ ಆಡಿಸುತ್ತಿತ್ತು. ನಾನು ಅಲ್ಲೇ ನಿಂತಿದ್ದೆ. ಇನ್ನೂ ಕಣ್ಣಿಂದ ಹೋಗಿಲ್ಲ.

ಆ ಹುಳು ಮನೆ ಶಮೀಮಮ್ಮನವರದು. ಅವರ ಹಿಪ್ಪುನೇರಳೆ ತೋಟಕ್ಕೂ ನನ್ನ ಅಕ್ಕ-ಭಾವನ ಬದನೆ ಹೊಲಕ್ಕೂ ನಡುವೆ ಒಂದೇ ಬದು. ತಪ್ಪು ಯಾರದು ಅಂತ ಕೇಳಬೇಡಿ. ಕಂಡಷ್ಟು ಹೇಳ್ತೀನಿ.

ಅಕ್ಕ ಮೊದಲೆಲ್ಲ ಹಾಕುತ್ತಿದ್ದದ್ದು ಮುಳ್ಳು ಬದನೆ. ತೊಟ್ಟಿನಲ್ಲಿ ಮುಳ್ಳು, ಎಲೆ ಮುಟ್ಟಿದರೆ ತರಿತರಿ. ಈ ಸಲ ಮಂಡಿಯವರು "ಮುಳ್ಳಿಲ್ಲದ್ದು ತನ್ನಿ, ಶೈನಿಂಗ್ ಇರಬೇಕು" ಅಂದರು. ನರ್ಸರಿಯಿಂದ ಹೊಸ ತಳಿ ಬಂತು. ನುಣ್ಣಗಿನ ಎಲೆ, ಹೊಳೆಯುವ ಕಾಯಿ. (ಅಂಗಡಿಯಲ್ಲಿ ನಾನೂ ಅದನ್ನೇ ಆರಿಸುತ್ತೇನೆ. ನೀವು?)

ಹಿಂದೆಯೇ ದುಂಬಿಯೂ ಬಂತು. ಇಟ್ಟಿಗೆ ಬಣ್ಣ, ಬೆನ್ನ ತುಂಬ ಕರಿ ಚುಕ್ಕೆ. ಅದರ ಮರಿ ಹಳದಿ ಹುಳು, ಮೈಯೆಲ್ಲ ಮುಳ್ಳು. ಎರಡೂ ಸೇರಿ ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ನರ ಮಾತ್ರ ಬಿಡುತ್ತವೆ. ಪೇಟೆಯಿಂದ ನಾನು ಹೋಗುವಷ್ಟರಲ್ಲಿ ಅರ್ಧ ಹೊಲ ಜರಡಿಯಾಗಿತ್ತು.

"ಅಳಿಯನಿಗೆ ಬಡಿಸ್ದಂಗೆ ಬಡಿಸಿದೀರಿ ಹುಳಕ್ಕೆ," ಅಂದಳು ಅಕ್ಕ.

"ನಿಮ್ಮಪ್ಪ ನನಗೆ ಇಷ್ಟು ಬಡಿಸಿರಲಿಲ್ಲ ಬಿಡು," ಅಂದರು ಭಾವ. ನಗಲಿಲ್ಲ.

ನಮ್ಮ ಕಡೆ ಒಂದು ರೂಢಿ. ಔಷಧಿ ಹೊಡೆಯುವ ಮೊದಲು ಬದುವಿನಾಚೆ ಒಂದು ಮಾತು ಕೇಳಬೇಕು, ಹುಳು ಎಷ್ಟನೇ ಜ್ವರದಲ್ಲಿವೆ ಅಂತ. (ಪೊರೆ ಬಿಡಲು ಹುಳು ಮೇವು ನಿಲ್ಲಿಸಿ ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ.) ಔಷಧಿಯ ಒಂದು ಹನಿ ಸೊಪ್ಪಿಗೆ ಬಿದ್ದರೂ ಬೆಳೆ ಹೋದಂತೆಯೇ.

ಭಾವ ಕೇಳಿದರು.

"ನಾಲ್ಕನೇ ಜ್ವರ ಎದ್ದವೆ ಅಣ್ಣ," ಅಂದರು ಶಮೀಮಮ್ಮ. "ಈಗ ಹಗಲು ರಾತ್ರಿ ಮೇಯ್ತವೆ. ಹಣ್ಣಾಗಿ ಗೂಡಿಗೆ ಕೂರೋವರೆಗೂ ತಡೀರಿ."

"ಅಷ್ಟೊತ್ತಿಗೆ ನನ್ ಗಿಡದಲ್ಲಿ ಕಡ್ಡಿ ಉಳೀತದೆ ಅಷ್ಟೆ, ಶಮೀಮಮ್ಮ."

ಅವರು ಹೊಲ ನೋಡಿದರು. "ನಿಮ್ಮದೂ ಹೊಟ್ಟೇನೇ ಅಲ್ವಾ. ಗಾಳಿ ಈ ಕಡೆ ಇಲ್ದಾಗ ಹೊಡೀರಿ. ಬದುವಿನ ಪಕ್ಕದ ಸೊಪ್ಪು ನಾನು ಕುಯ್ಯಲ್ಲ." ಅಂದವರೇ ಹಳೆ ದುಪಟ್ಟಾ ಹರಿದು, ಕೆಲವು ಸಾಲು ಒಳಗೆ ಒಂದು ಗಿಡಕ್ಕೆ ಕಟ್ಟಿದರು. ಅದರಾಚೆಯ ಸೊಪ್ಪು ಮಾತ್ರ ಹುಳಕ್ಕೆ.

ಶನಿವಾರ ಬೆಳಿಗ್ಗೆ ಭಾವ ಸ್ಪ್ರೇಯರ್ ಬೆನ್ನಿಗೆ ಹಾಕಿದಾಗ ಆ ಬಟ್ಟೆ ನಮ್ಮ ಕಡೆಗೆ ಹಾರುತ್ತಿತ್ತು. ಗಾಳಿ ಸರಿಯಾಗಿತ್ತು. ಕೊನೆ ಸಾಲಿಗೆ ಬಂದಾಗ ಬಟ್ಟೆ ಜೋತುಬಿತ್ತು. ಆಮೇಲೆ ಆ ಕಡೆಗೆ ಎದ್ದಿತು. "ಭಾವ," ಅಂದೆ. ಅವರು ತಕ್ಷಣ ನಿಲ್ಲಿಸಿದರು.

ಅಷ್ಟರಲ್ಲಿ ಎಷ್ಟು ದೂರ ಹೋಗಿತ್ತೋ ಯಾರಿಗೆ ಕಾಣುತ್ತೆ? ಸಂಜೆ ಶಮೀಮಮ್ಮ ಬಟ್ಟೆಯ ಆಚೆಯೇ ಸೊಪ್ಪು ಕುಯ್ದು, ಮೊದಲು ಬಾಗಿಲ ಪಕ್ಕದ ರ‍್ಯಾಕಿಗೆ ಹಾಕಿದರು. ಭಾನುವಾರ ಬೆಳಿಗ್ಗೆ ನಮ್ಮನ್ನು ಕರೆದರು.

ಜಗಳ ಆಗಲಿಲ್ಲ. ಆಗಿದ್ದರೆ ಹಗುರವಾಗುತ್ತಿತ್ತೇನೋ. ಭಾವ ಗುಂಡಿ ತೋಡಿದರು, ಅಕ್ಕ ಆ ರ‍್ಯಾಕಿನ ಹುಳುಗಳನ್ನು ಕಡ್ಡಿ ಸಮೇತ ತಂದು ಸುರಿದಳು. "ಕೇಳಿಯೇ ಹೊಡೆದಿರಿ ಅಣ್ಣ. ನಾನೂ ಹೂಂ ಅಂದೆ," ಅಂದರು ಶಮೀಮಮ್ಮ. ಅಷ್ಟೇ. ಉಳಿದ ರ‍್ಯಾಕುಗಳು ಗೂಡು ಕಟ್ಟುತ್ತವೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಆಮೇಲೆ ಅವರು ಬದು ದಾಟಿ ಬಂದು ಬದನೆಯ ಒಂದು ಎಲೆ ಕಿತ್ತರು. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಹೊಸಕಿದರು. ಮರಿಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಆರಿಸುವಾಗ ಹೀಗೇ ನೋಡುತ್ತಾರೆ.

"ಇಂಥ ಮೆತ್ತನೆ ಸೊಪ್ಪು ಹಾಕಿದ್ರೆ ಯಾವ ಹುಳ ಬೆಳೆಯಲ್ಲ, ಹೇಳಿ ಅಕ್ಕ?"

ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯ. ಒಳ್ಳೆ ಸೊಪ್ಪಿಗೆ ಹುಳು ಬೇಗ ಜ್ವರಕ್ಕೆ ಕೂರುತ್ತೆ, ಬೇಗ ಹಣ್ಣಾಗುತ್ತೆ. ಒರಟು ಸೊಪ್ಪಿಗೆ ತಡ, ಹುಳು ಸಣ್ಣ, ಕೆಲವು ಗೂಡೇ ಕಟ್ಟುವುದಿಲ್ಲ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತಳಿ ಆರಿಸುವುದೇ ಈ ಲೆಕ್ಕದಲ್ಲಿ. ಬದನೆ ತಿನ್ನುವ ಹುಳಕ್ಕೂ ನಾಲಿಗೆ ಇದೆ ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಬಾವಿ ಹತ್ತಿರ ಹಳೆಯ ಮುಳ್ಳು ಬದನೆ ಗಿಡಗಳು ತಾವಾಗಿಯೇ ಹುಟ್ಟಿದ್ದವು. ಹೋಗಿ ಎಲೆ ಮಗುಚಿ ನೋಡಿದೆ. ಅದೇ ದುಂಬಿ, ಅದೇ ಹಳದಿ ಮೊಟ್ಟೆ. ಆದರೆ ಮರಿಹುಳುಗಳು ಕಡಿಮೆ, ಅವೂ ಬಡಕಲು. ತೂತಿದ್ದರೂ ಎಲೆ ಎಲೆಯಾಗಿಯೇ ಇತ್ತು. ಹೊಸ ತಳಿಯಲ್ಲಿ ಔಷಧಿ ಬಿದ್ದ ಮಾರನೇ ದಿನವೂ ಎಲೆಯಡಿಯ ಕೋಶಗಳಿಂದ ಹೊಸ ದುಂಬಿ ಏಳುತ್ತಿದ್ದವು, ಮತ್ತೆ ಮೊಟ್ಟೆ ಇಡಲು. (ನಾಲ್ಕು ಗಿಡ ನೋಡಿ ಸಿದ್ಧಾಂತ ಕಟ್ಟಬಾರದು, ಗೊತ್ತು. ಕಂಡದ್ದು ಇಷ್ಟು.)

ಅಕ್ಕ ಆ ಗಿಡಗಳ ಕಾಯಿ ಕೀಳುತ್ತಿಲ್ಲ. ಬೀಜಕ್ಕೆ ಬಿಟ್ಟಿದ್ದಾಳೆ. ಮುಂದಿನ ಬೆಳೆಗೆ ಬದುವಿನ ಪಕ್ಕ ಮುಳ್ಳು ಬದನೆಯೇ ಅಂತೆ.

"ಮಂಡೀಲಿ ಯಾರು ತಗೊಳ್ತಾರೆ ಅದನ್ನ?" ಅಂದರು ಭಾವ, ಕೈ ತೊಳೆಯುತ್ತಾ.

ಅಕ್ಕ ಗದ್ದದಿಂದಲೇ ನನ್ನ ಕಡೆ ತೋರಿಸಿದಳು. "ಪೇಟೆಯವಳು ಇಲ್ಲೇ ಇದಾಳಲ್ಲ. ಕೇಳಿ."

ನಾನಿನ್ನೂ ಉತ್ತರ ಕೊಟ್ಟಿಲ್ಲ. ನೀವು ಕೊಡ್ತೀರಾ?